ಮಗುಚಿಟ್ಟ ಗ್ಲಾಸು

ಕಾರ್ಮಿನ್‌ಬಾಯಿ ಜೀವಮಾನದಲ್ಲಿ ದೇವರ ಹತ್ತಿರ ಕೇಳಿದ್ದು ಒಂದೇ. ಬಂಗಾರ ಕೇಳಲಿಲ್ಲ, ಸ್ಲ್ಯಾಬಿನ ಮನೆ ಕೇಳಲಿಲ್ಲ, ಒಬ್ಬಳೇ ಮಗಳಾದಾಗ ಗಂಡು ಬೇಕು ಎಂದೂ ಕೇಳಲಿಲ್ಲ. ಗಂಡ ಕುಡಿದು ಸಾಯಬಾರದು, ಅಷ್ಟೇ. ದೇವರು ಅದನ್ನು ನಡೆಸಿಕೊಟ್ಟ. ಹೇಗೆ ನಡೆಸಿಕೊಟ್ಟ ಎನ್ನುವುದನ್ನು ಕೇಳಿ. ಆಮೇಲೆ ಬೇಕಾದರೆ ದೇವರನ್ನು ಬೈಯಿರಿ, ಬೇಕಾದರೆ ಅವಳನ್ನು ಬೈಯಿರಿ. ಕೇರಿಯವರು ಅವಳನ್ನು ಮೊದಲು ಹೊಗಳಿದರು, ವರ್ಷ ತಿರುಗಿದ ಮೇಲೆ ಬೈದರು. ಜನರ ನಾಲಿಗೆಗೆ ಎಲುಬಿಲ್ಲ.

ಅವಳ ತವರು ಕುಮಟೆಯ ಕಡೆ, ಕಾಗಾಲದ ಹತ್ತಿರ, ಅಘನಾಶಿನಿ ಹೊಳೆಯ ಬದಿಗೆ. ಅಪ್ಪ ಸಾಲ್ವದೋರ್ ದೋಣಿಯಲ್ಲಿ ಮರಳು ಸಾಗಿಸುವವನು. ಒಂದು ದಿನ ಮಧ್ಯಾಹ್ನ ಕುಡಿದು ದೋಣಿಯ ಅಂಚಿನಲ್ಲಿ ಕೂತವನು ಹಾಗೇ ಹಿಂದಕ್ಕೆ ಮಗುಚಿ ನೀರಿಗೆ ಬಿದ್ದ. ಈಜು ಬರದವನೇನಲ್ಲ, ಎದ್ದು ಬರುವ ಎಚ್ಚರ ಇರಲಿಲ್ಲ. ಪಾದ್ರಿ ಬಂದು ಕೊನೆಯ ಎಣ್ಣೆ ಹಚ್ಚಲಿಲ್ಲ, ಪಾಪ ಹೇಳಿಕೊಂಡು ಹಗುರಾಗಲಿಲ್ಲ, ಹೊಟ್ಟೆ ತುಂಬ ಸರಾಯಿ ಹೊತ್ತುಕೊಂಡೇ ಹೋದ. ಆಗ ಕಾರ್ಮಿನ್‌ಗೆ ಒಂಬತ್ತು ವರ್ಷ. ಸಂಜೆಯ ಜಪ ಮುಗಿದ ಮೇಲೆ ಅವಳ ಅವ್ವ ದಿನವೂ ಅಳುತ್ತಿದ್ದಳು. "ಕುಡುಕರಿಗೆ ದೇವರ ರಾಜ್ಯದಲ್ಲಿ ಪಾಲಿಲ್ಲ ಅಂತ ಬರೆದಿಟ್ಟಿದ್ದಾರೆ. ನಿನ್ನ ಅಪ್ಪ ಎಲ್ಲಿ ಉರೀತಿದ್ದಾನೋ ಏನೋ," ಎನ್ನುತ್ತಿದ್ದಳು. ಒಂದು ದಿನ ಮಗು, ಅಪ್ಪನಿಗೆ ಎಷ್ಟು ಬಿಸಿ ಆಗುತ್ತಿರಬಹುದು ನೋಡುವಾ ಎಂದು, ದೇವರ ಮುಂದಿನ ಮೇಣದ ಬತ್ತಿಗೆ ಕಿರುಬೆರಳು ಹಿಡಿಯಿತು. ಆ ಕಲೆ ಈಗ ಅರವತ್ತರ ಹತ್ತಿರದ ಕಾರ್ಮಿನ್‌ಬಾಯಿಯ ಬೆರಳಲ್ಲಿ ಇನ್ನೂ ಇದೆ.

ಅಂಥವಳನ್ನು ತಂದು ಹೊನ್ನಾವರದ ಪಾಸ್ಕು ಗೌಂಡಿಗೆ ಕೊಟ್ಟರು. ಈಸ್ಟರ್ ದಿನ ಹುಟ್ಟಿದವನು, ಅದಕ್ಕೇ ಪಾಸ್ಕು. ಪೇಟೆ ಬಿಟ್ಟು ಶರಾವತಿಯ ದಂಡೆ ಹಿಡಿದು ಸ್ವಲ್ಪ ಹೋದರೆ ಕ್ರಿಶ್ಚನರ ಇಪ್ಪತ್ತೈದು ಮನೆಯ ಕೇರಿ, ಅದರಲ್ಲಿ ಅರ್ಧ ಮನೆಯ ಗೋಡೆ ಎಬ್ಬಿಸಿದವನು ಇವನೇ. ಚಿರೆಕಲ್ಲಿನ ಗೋಡೆಗೆ ತೂಕದ ದಾರ ಬಿಟ್ಟರೆ ಕೂದಲೆಳೆಯಷ್ಟೂ ಆಚೀಚೆ ಇರುತ್ತಿರಲಿಲ್ಲ. ಹೆಂಡತಿಗೆ ಒಂದು ದಿನ ಕೈ ಎತ್ತಿದವನಲ್ಲ, ಕೆಟ್ಟ ಮಾತು ಆಡಿದವನಲ್ಲ. ಕುಡಿಯುತ್ತಿದ್ದ, ಅಷ್ಟೇ. ಆ 'ಅಷ್ಟೇ' ಎಷ್ಟು ದೊಡ್ಡದು ಅಂತ ಕಟ್ಟಿಕೊಂಡವಳಿಗೆ ಗೊತ್ತು.

ಮೊದಮೊದಲು ಸಂಜೆಗೆ ಮಾತ್ರ ಇತ್ತು. ಮಗಳು ಲವಿನಾ ಶಾಲೆಗೆ ಹೋಗುವ ಹೊತ್ತಿಗೆ ಮಧ್ಯಾಹ್ನದ ಊಟಕ್ಕೂ ಬಂತು. ಅವಳು ಮದುವೆಯಾಗಿ ಕುಮಟೆಗೆ ಹೋದ ಮೇಲೆ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಶುರುವಾಯಿತು. ಬೆಳಿಗ್ಗೆ ಆ ಮೊದಲ ಕ್ವಾರ್ಟರ್ ಇಳಿಯುವವರೆಗೆ ಪಾಸ್ಕುವಿನ ಕೈ ನಿಲ್ಲುತ್ತಿರಲಿಲ್ಲ, ಚಾದ ಕಪ್ಪು ಸಾಸರಿನ ಮೇಲೆ ಟಕಟಕ ಎನ್ನುತ್ತಿತ್ತು. ಇಳಿದ ಮೇಲೆ ಅದೇ ಕೈ ಕರಣೆ ಹಿಡಿದರೆ ಗೋಡೆಗೆ ಮೆತ್ತುವ ಸಿಮೆಂಟಿನ ಗಿಲಾಯಿ ಕನ್ನಡಿಯ ಹಾಗೆ ಬರುತ್ತಿತ್ತು. ಇದನ್ನು ಅವಳು ಹತ್ತು ವರ್ಷ ಕಣ್ಣಾರೆ ಕಂಡಿದ್ದಾಳೆ. ಕಂಡೂ ತಿಳಿಯಲಿಲ್ಲ. ಮೈಯೇ ಸರಾಯಿ ಕೇಳುತ್ತಿದೆ ಎಂದು ಅವಳಿಗೆ ಯಾರು ಹೇಳಬೇಕು? ಅವಳ ಕಣ್ಣಿಗೆ ಕಂಡದ್ದು ಒಂದೇ, ಅದು ಪಾಪ.

"ಏಸುಸ್ವಾಮಿ ಮೊದಲನೇ ಪವಾಡ ಎಂತ ಮಾಡಿದ, ಹೇಳು," ಎಂದು ಪಾಸ್ಕು ಛೇಡಿಸುತ್ತಿದ್ದ. "ಕುರುಡನಿಗೆ ಕಣ್ಣು ಕೊಟ್ಟದ್ದಲ್ಲ. ಮದುವೆ ಮನೆಯಲ್ಲಿ ಕುಡಿಯುವುದಕ್ಕೆ ಕಡಿಮೆ ಬಿತ್ತು, ಆರು ಬಾನಿ ನೀರನ್ನು ದ್ರಾಕ್ಷಾರಸ ಮಾಡಿದ."

"ಆರು ಬಾನಿ ಊರಿಗೆಲ್ಲ ಮಾಡಿದ. ನೀವು ಒಬ್ಬರೇ ಏಳನೇ ಬಾನಿ ಹುಡುಕ್ತೀರಿ," ಎನ್ನುತ್ತಿದ್ದಳು ಅವಳು. ನಗು ಬರುತ್ತಿತ್ತು, ತಡೆದುಕೊಳ್ಳುತ್ತಿದ್ದಳು.

ಈಗ ಆ ಕೇರಿಯ ಒಂದು ಪದ್ಧತಿ ಹೇಳಬೇಕು. ಈಸ್ಟರ್‌ಗೆ ಮೊದಲಿನ ನಲವತ್ತು ದಿನದ ವ್ರತಕ್ಕೆ ಅವರು ಕರೆಜ್ಮ ಎನ್ನುತ್ತಾರೆ. ವ್ರತ ಶುರುವಾಗುವ ಬೂದಿ ಬುಧವಾರ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದು, ಮನೆಯ ಹೆಂಗಸು ಗಂಡ ಕುಡಿಯುವ ಗ್ಲಾಸನ್ನು ತೊಳೆದು ದೇವರ ಪಟದ ಮುಂದೆ ಮಗುಚಿಡುತ್ತಾಳೆ. ಈಸ್ಟರ್ ಬೆಳಿಗ್ಗೆ ಗಂಡ ತಾನೇ ಅದನ್ನು ಎತ್ತಿ ಮೇಲ್ಮುಖ ಮಾಡಬೇಕು. ದೇವರ ಪಟ ಎಲ್ಲರ ಮನೆಯಲ್ಲೂ ಹೊರಕೋಣೆಯಲ್ಲೇ ಇರುವುದು, ಬಾಗಿಲಿಗೆ ಬಂದವರಿಗೆಲ್ಲ ಗ್ಲಾಸು ಹೇಗಿದೆ ಎಂದು ಕಾಣುತ್ತದೆ. ನಡುವೆ ಎತ್ತಿದವನ ಮರ್ಯಾದೆ ಅಲ್ಲಿಗೆ ಮುಗಿಯಿತು, ಹೆಂಡತಿಯದೂ ಅದರ ಜೊತೆಗೇ. ಕೇರಿಯ ಗಂಡಸರ ಭಕ್ತಿ ಹಾಗೆ ನೋಡಿ, ವರ್ಷಕ್ಕೆ ಮುನ್ನೂರು ದಿನ ಮೂಗಿನ ಮಟ್ಟ ಕುಡಿಯುವುದು, ನಲವತ್ತು ದಿನ ಗ್ಲಾಸು ಮಗುಚಿ ಸಂತರಾಗುವುದು. ಎಳೆಯ ಮೈಗೆ ಅದು ನಡೆಯುತ್ತದೆ. ಪಾಸ್ಕುವೂ ಪ್ರಾಯದಲ್ಲಿ ಇಪ್ಪತ್ತು ಕರೆಜ್ಮ ಲೀಲಾಜಾಲವಾಗಿ ದಾಟಿದವನೇ. ಆಮೇಲೆ ಆಗಲಿಲ್ಲ. ಒಂದು ವರ್ಷ ಎರಡನೇ ದಿನಕ್ಕೇ ಮೈ ನಡುಗಿ ಬೆವರಿ, ಗ್ಲಾಸು ಅಲ್ಲೇ ಬಿಟ್ಟು ದೇವುವಿನ ಮನೆಗೆ ಹೋಗಿ ಸ್ಟೀಲು ಲೋಟದಲ್ಲಿ ಕುಡಿದು ಬಂದಿದ್ದ. ಅವಳು ನಾಲ್ಕು ದಿನ ಮಾತು ಬಿಟ್ಟಳು.

ದೇವು ಅಂದರೆ ಪಾಸ್ಕುವಿನ ಜೊತೆ ಇಪ್ಪತ್ತೆರಡು ವರ್ಷ ಸಿಮೆಂಟು ಕಲಸಿದವನು, ಮೂರು ಮನೆ ಆಚೆ ಇರುವವನು. ಕುಡಿಯುತ್ತಾನೆ, ಆದರೆ ನಿಲ್ಲಿಸುವ ಜಾಗ ಗೊತ್ತು. ಕಾರ್ಮಿನ್‌ಬಾಯಿಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಗಂಡ ಕೆಟ್ಟದ್ದು ಇವನಿಂದ ಎಂದು ಅವಳ ಲೆಕ್ಕ. ಎಲ್ಲ ಹೆಂಡತಿಯರಿಗೂ ಇಂಥ ಒಬ್ಬ ದೇವು ಬೇಕಾಗುತ್ತಾನೆ.

ಅದೇ ವರ್ಷ ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ಪಾಸ್ಕು ಊಟಕ್ಕೆ ಬರಲಿಲ್ಲ. ಹುಡುಕಿಕೊಂಡು ಹೋದರೆ ಹೊಳೆಯ ದಂಡೆಯ ಕೆಸರಿನಲ್ಲಿ ಮುಖ ಅಡಿಯಾಗಿ ಬಿದ್ದಿದ್ದಾನೆ. ಉಬ್ಬರದ ನೀರು ಏರುತ್ತಾ ಕಿವಿಯ ಹತ್ತಿರ ಬಂದಿದೆ. ಅವಳು ಒಬ್ಬಳೇ ಎಳೆದು ಮೇಲೆ ತಂದಳು. ಅವಳು ಎಳೆದದ್ದು ಗಂಡನನ್ನೋ ಐವತ್ತು ವರ್ಷ ಹಿಂದಿನ ಅಪ್ಪನನ್ನೋ, ಅವಳಿಗೇ ತಿಳಿಯಲಿಲ್ಲ. ಎಚ್ಚರವಾದ ಮೇಲೆ ಅವನ ಕೈಯನ್ನು ಜಪಸರದ ಮೇಲೆ ಇಡಿಸಿ ಆಣೆ ತೆಗೆದುಕೊಂಡಳು. ಬರುವ ಕರೆಜ್ಮಕ್ಕೆ ಗ್ಲಾಸು ಮಗುಚಿದರೆ ಮತ್ತೆ ಎತ್ತುವುದಿಲ್ಲ, ಸಾಯುವವರೆಗೂ. ಪಾಸ್ಕು ಅತ್ತ, ಆಣೆ ಇಟ್ಟ. ಪಾಪ, ಮನಸ್ಸಿಟ್ಟೇ ಇಟ್ಟ.

ಬೂದಿ ಬುಧವಾರ ಬಂತು. ಹಿಂದಿನ ದಿನ ಕೇರಿಯ ಗಂಡಸರೆಲ್ಲ ನಲವತ್ತು ದಿನದ್ದು ಒಂದೇ ದಿನ ಕುಡಿಯುವ ವಾಡಿಕೆ, ಪಾಸ್ಕುವೂ ಕುಡಿದ. ಇಗರ್ಜಿಯಲ್ಲಿ ಹೊಸ ಪಾದ್ರಿ, ಮೂವತ್ತೈದರ ಒಳಗಿನವರು, ಒಳ್ಳೆಯ ಮನುಷ್ಯ, ಪ್ರಸಂಗ ಮಾಡಿದರು. "ದ್ರಾಕ್ಷಾರಸ ದೇವರು ಕೊಟ್ಟದ್ದು, ಕುಡಿಯುವುದೇ ಪಾಪ ಅಂತ ನಮ್ಮ ಧರ್ಮ ಹೇಳುವುದಿಲ್ಲ. ಮಿತಿ ಮೀರಿ ಕುಡಿದು ದೇವರು ಕೊಟ್ಟ ಬುದ್ಧಿಯನ್ನು ಕಳೆದುಕೊಳ್ಳುವುದು ಪಾಪ. ಬಿಡಿ, ಇವತ್ತೇ ಬಿಡಿ," ಎಂದರು. ಕಾರ್ಮಿನ್‌ಬಾಯಿ ಕೊನೆಯ ಮಾತನ್ನು ಸೆರಗಿನ ತುದಿಗೆ ಗಂಟು ಹಾಕಿದವಳಂತೆ ಮನೆಗೆ ತಂದಳು. ಗ್ಲಾಸು ತೊಳೆದು ಮಗುಚಿಟ್ಟಳು.

ಬುಧವಾರ ಸಂಜೆಗೆ ಅವನ ಕೈ ನಡುಗಿತು, ಮೈ ಬೆವರಿತು. ಗುರುವಾರ ಹೊಟ್ಟೆಯಲ್ಲಿ ಗಂಜಿ ನಿಲ್ಲಲಿಲ್ಲ. "ಬಾಯೀ, ಆಗ್ತಾ ಇಲ್ಲ," ಎಂದ. ಅವನು ಹೆಂಡತಿಯನ್ನು ಬಾಯೀ ಎಂದು ಕರೆಯುತ್ತಿದ್ದದ್ದು ಬಹಳ ಮೆತ್ತಗಾದಾಗ ಮಾತ್ರ. ಅವಳು ತಲೆ ಒರೆಸಿದಳು. "ಏಸುಸ್ವಾಮಿಯೂ ಮರಳುಗಾಡಿನಲ್ಲಿ ನಲವತ್ತು ದಿನ ಉಪವಾಸ ತಡೆದುಕೊಂಡ. ನಿಮಗೆ ಎರಡು ದಿನ ಆಗುವುದಿಲ್ಲವಾ?" ಎಂದಳು. ಶುಕ್ರವಾರ ಬೆಳಿಗ್ಗೆ ಅವನು ಎದ್ದು ಗೋಡೆಯ ಎದುರು ನಿಂತಿದ್ದ. ಬರಿಗೈಯಲ್ಲಿ ಗಿಲಾಯಿ ಮಾಡುತ್ತಿದ್ದ. ಇಲ್ಲದ ಕರಣೆಯಲ್ಲಿ ಇಲ್ಲದ ಸಿಮೆಂಟು ಎತ್ತಿ ಸುಣ್ಣದ ಗೋಡೆಗೆ ಅಂಗೈ ತೀಡುವುದು, ಹಿಂದೆ ಸರಿದು ಕಣ್ಣು ಸಣ್ಣ ಮಾಡಿ ನೋಡುವುದು. "ದೇವೂ, ಮಾಲು ತೆಳುವಾತು ಮಾರಾಯ. ಇರುವೆ ನೋಡು, ಇರುವೆ ತೆಗಿ," ಎನ್ನುವುದು. ಅಂಗೈ ಸುಲಿದು ಗೋಡೆ ಕೆಂಪಗಾದರೂ ನಿಲ್ಲಿಸಲಿಲ್ಲ. ಮುಟ್ಟಿದರೆ ಮೈ ಕೆಂಡ.

ಅವಳು ತೀರ್ಥ ಚಿಮುಕಿಸಿದಳು. ಹಳೆಯ ಪಿಶಾಚಿ ಮೈ ಬಿಟ್ಟು ಹೋಗುವಾಗ ಸುಮ್ಮನೆ ಹೋಗುತ್ತದೆಯೇ ಎಂದು ಅವಳಿಗೆ ಒಳಗೊಳಗೇ ಧೈರ್ಯ. ಗೆಲ್ಲುತ್ತಿದ್ದೇನೆ ಎಂದುಕೊಂಡಳು. ಇದನ್ನು ಹೇಳಲೇಬೇಕು, ಆ ಹೊತ್ತಿಗೆ ಅವಳಿಗೆ ಸಂತೋಷವೇ ಆಗಿತ್ತು.

ಮಧ್ಯಾಹ್ನ ದೇವು ಬಂದ. ಬಾಗಿಲಲ್ಲೇ ನಿಂತು ಒಳಗೆ ನೋಡಿದ.

"ಕಾರ್ಮಿನ್‌ಬಾಯಿ, ಇದು ಸರಿ ಇಲ್ಲ. ನಮ್ಮ ದೊಡ್ಡಪ್ಪನಿಗೆ ಹೀಗೇ ಆಗಿತ್ತು. ರಿಕ್ಷಾ ತರ್ತೆ, ಆಸ್ಪತ್ರೆಗೆ ಹೋಗ್ವ. ಅಲ್ಲೀವರೆಗೆ ಎರಡು ಚಮಚೆ ಬಾಯಿಗೆ ಬಿಡಿ."

"ಎಂತದ್ದು ಎರಡು ಚಮಚೆ?"

"ಅದೇ."

"ನೀನು ಮೂರನೇ ದಿನಕ್ಕೆ ಬಂದೇ ಬರ್ತೀಯ ಅಂತ ಗೊತ್ತಿತ್ತು ನನಗೆ," ಎಂದಳು ಅವಳು. "ಮರಳುಗಾಡಿನಲ್ಲಿ ಏಸುಸ್ವಾಮಿಯ ಹತ್ತಿರವೂ ಹೀಗೇ ಸೈತಾನ ಬಂದಿದ್ದ, ವ್ರತ ಬಿಡು, ಕಲ್ಲನ್ನು ರೊಟ್ಟಿ ಮಾಡಿ ತಿನ್ನು ಅನ್ನುವುದಕ್ಕೆ."

"ಬಾಯಿ, ನಿಮ್ಮ ಕಾಲು ಹಿಡೀತೆ."

ಅವನು ನಿಜವಾಗಿ ಬಗ್ಗಿದ. ಅವಳು ಬಾಗಿಲು ಹಾಕಿಕೊಂಡಳು. ಆಸ್ಪತ್ರೆಗೆ ಹೋದರೆ ಕೇರಿಗೆಲ್ಲ ತಿಳಿಯುತ್ತದೆ, ಅಲ್ಲಿ ಔಷಧ ಎಂದು ಎಂತದನ್ನಾದರೂ ಕುಡಿಸಿಬಿಟ್ಟರೆ ಆಣೆ ಮುರಿಯುತ್ತದೆ. ಆಣೆ ಮುರಿದ ಹೊತ್ತಿಗೇ ಜೀವ ಹೋದರೆ ಅಪ್ಪನ ಪಕ್ಕದಲ್ಲೇ ಗಂಡನೂ ಉರಿಯುತ್ತಾನೆ. ಇದು ಅವಳ ಲೆಕ್ಕ. ಮೂರ್ಖಳು ಎನ್ನಿ, ಕಲ್ಲೆದೆಯವಳು ಎನ್ನಬೇಡಿ. ಆ ಇಡೀ ದಿನ ಅವಳೂ ನೀರು ಮುಟ್ಟದೆ ಅವನ ಸುಲಿದ ಕೈ ಹಿಡಿದು ಮಂಡಿಯ ಮೇಲೇ ಇದ್ದಳು.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಅವನಿಗೆ ಫಿಟ್ಸ್ ಬಂತು. ಒಂದು ನಿಂತರೆ ಇನ್ನೊಂದು. ಆಗ ಅವಳೇ ಬರಿಗಾಲಲ್ಲಿ ದೇವುವಿನ ಮನೆಗೆ ಓಡಿದಳು. ಹಿಂದಿನ ದಿನದ ಒಂದು ಮಾತೂ ಆಡದೆ ಅವನು ರಿಕ್ಷಾ ತಂದ. ಹೈವೇ ಅಗಲ ಮಾಡುವ ಕೆಲಸದಲ್ಲಿ ದಾರಿ ಸುತ್ತಿಸಿದ್ದರು, ಆಸ್ಪತ್ರೆ ಮುಟ್ಟುವಾಗ ಪಾಸ್ಕುವಿನ ತಲೆ ದೇವುವಿನ ತೊಡೆಯ ಮೇಲೆ ಹಾಗೇ ತಣ್ಣಗಾಗುತ್ತಿತ್ತು.

ಡಾಕ್ಟರು ಹೆಂಗಸು, ಲವಿನಾಳ ಪ್ರಾಯದವಳು. ಎಲ್ಲ ಕೇಳಿ ಪೆನ್ನು ಕೆಳಗಿಟ್ಟಳು. "ಅಮ್ಮಾ, ಇಷ್ಟು ವರ್ಷ ದಿನಾ ಕುಡಿದವರಿಗೆ ಒಮ್ಮೆಲೇ ಬಿಡಿಸಬಾರದು. ಮೈ ತಡೆಯುವುದಿಲ್ಲ. ಬಿಡಿಸುವುದಕ್ಕೆ ಗುಳಿಗೆ ಇದೆ, ಇಂಜೆಕ್ಷನ್ ಇದೆ, ಇಲ್ಲೇ ಮಲಗಿಸಿಕೊಂಡು ನಿಧಾನ ಇಳಿಸ್ತೇವೆ. ನಡುಕ ಶುರುವಾದಾಗಲೇ ಕರಕೊಂಡು ಬರಬೇಕಿತ್ತು. ದಾರಿ ದೂರ ಇದ್ರೆ ಸ್ವಲ್ಪ ಕುಡಿಸಿಯಾದ್ರೂ ತರಬೇಕಿತ್ತು."

"ಕುಡಿಸಿಯಾದ್ರೂ," ಎಂದು ಅದೊಂದೇ ಮಾತನ್ನು ತಿರುಗಿ ಹೇಳಿದಳು ಕಾರ್ಮಿನ್‌ಬಾಯಿ.

ಮಣ್ಣಿಗೆ ಬಂದವರೆಲ್ಲ ಹೊಗಳಿದರು. ಕರೆಜ್ಮದಲ್ಲಿ, ವ್ರತದಲ್ಲಿ, ಒಂದು ತೊಟ್ಟು ಮುಟ್ಟದೆ ಹೋದ ಪುಣ್ಯಾತ್ಮ, ನೇರ ಸ್ವರ್ಗವೇ. ಎಂಥ ಹೆಂಡತಿ, ಕಡೇ ಗಳಿಗೆಯಲ್ಲಿ ಗಂಡನ ಆತ್ಮ ಗೆದ್ದುಕೊಟ್ಟಳು. ಪಕ್ಕದ ಮನೆಯ ರೆಜಿನ್ ಅಂತೂ ಅವಳ ಕೈಗೆ ಮುತ್ತಿಟ್ಟಳು. ದೇವು ಮಾತ್ರ ದೂರದಲ್ಲಿ ತೆಂಗಿನ ಬುಡದಲ್ಲಿ ಕೂತು ಸಣ್ಣ ಮಗುವಿನ ಹಾಗೆ ಅತ್ತ. ಅವನು ಯಾರಿಗೂ ಏನೂ ಹೇಳಲಿಲ್ಲ, ಅದೇ ಅವಳನ್ನು ಹೆಚ್ಚು ಸುಟ್ಟಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಈಸ್ಟರ್‌ಗೆ ಮೊದಲು ಅವಳು ಪಾಪನಿವೇದನೆಗೆ ಹೋದಳು. ಮರದ ಜಾಳಿಗೆಯ ಆಚೆ ಪಾದ್ರಿ, ಈಚೆ ಅವಳು. ಎಲ್ಲ ಹೇಳಿದಳು, ಬಾಗಿಲು ಹಾಕಿದ್ದೂ, ದೇವುವಿಗೆ ಸೈತಾನ ಎಂದದ್ದೂ. ಕಡೆಗೆ ಕೇಳಿದಳು, "ಅವರು ಕುಡಿದದ್ದು ದೊಡ್ಡ ಪಾಪವಾ ಫಾದರ್, ನಾನು ಕುಡಿಸದೆ ಇದ್ದದ್ದಾ?"

ಪಾದ್ರಿಗಳು ಜಾಳಿಗೆಯ ಹತ್ತಿರಕ್ಕೆ ಬಗ್ಗಿದರು. "ಮಿತಿ ಮೀರುವುದು ಪಾಪವೇ, ಬಾಯಿ. ಆದರೆ ಬಿಡಬೇಕೆಂದರೂ ಬಿಡಲಾಗದವನದು ಕಾಯಿಲೆ ಕೂಡ ಹೌದು. ಮನಸ್ಸು ಕಟ್ಟುಬಿದ್ದವನನ್ನು ದೇವರು ಬೇರೆಯವರ ಹಾಗೆ ವಿಚಾರಿಸುವುದಿಲ್ಲ. ನಿಮ್ಮ ಗಂಡನನ್ನೂ, ನಿಮ್ಮ ಅಪ್ಪನನ್ನೂ ನರಕದಲ್ಲಿ ಇಡಬೇಡಿ. ಆ ಅಧಿಕಾರ ನಮಗಿಲ್ಲ."

"ಇದನ್ನು ಬೂದಿ ಬುಧವಾರ ಯಾಕೆ ಹೇಳಲಿಲ್ಲ?" ಎಂದಳು ಅವಳು. ಸಿಟ್ಟಿನಿಂದಲ್ಲ, ದಾರಿ ಕೇಳುವವರ ಹಾಗೆ.

ಒಂದು ವರ್ಷ ಹೋಯಿತು. ಗೋಡೆಯ ಮೇಲೆ ಅಂಗೈ ತೀಡಿದ ಕಲೆಗೆ ಅವಳು ಸುಣ್ಣ ಬಳಿಸಲಿಲ್ಲ. ಪಾಸ್ಕುವಿನ ಗ್ಲಾಸು ಪಟದ ಮುಂದೆ ಮಗುಚಿಯೇ ಇತ್ತು, ಎತ್ತಬೇಕಾದವನು ಇಲ್ಲವಲ್ಲ. ಲವಿನಾ ಕುಮಟೆಗೆ ಕರೆದಳು, ಇವಳು ಹೋಗಲಿಲ್ಲ. ಇಗರ್ಜಿಯ ಪೀಠದ ಬಟ್ಟೆಗಳನ್ನು ಒಗೆದು ಇಸ್ತ್ರಿ ಮಾಡುವ ಕೆಲಸ ಇಪ್ಪತ್ತು ವರ್ಷದಿಂದ ಅವಳದು, ಅದೊಂದೇ ಉಳಿದಿತ್ತು.

ಮತ್ತೆ ಬೂದಿ ಬುಧವಾರ ಬಂತು. ಈ ಸಲ ಪಾದ್ರಿಗಳು ಪ್ರಸಂಗದ ಕೊನೆಗೆ, ದಿನಾ ಕುಡಿಯುವವರು ಡಾಕ್ಟರನ್ನು ಕೇಳದೆ ಒಮ್ಮೆಲೇ ಬಿಡಬೇಡಿ, ಅದು ವ್ರತವಲ್ಲ, ಅಪಾಯ ಎಂದು ಹೇಳಿಯೇ ಹೇಳಿದರು. ಅಷ್ಟರಲ್ಲಿ ಜನ ಬೆಂಚು ಸರಿಸಿ ಬೂದಿಗೆ ಸಾಲು ಹಿಡಿಯುತ್ತಿದ್ದರು. ಯಾರ ಕಿವಿಗೆ ಬಿತ್ತೋ ದೇವರೇ ಬಲ್ಲ. ರೆಜಿನ್‌ಳ ಕಿವಿಗಂತೂ ಬೀಳಲಿಲ್ಲ.

ಅವಳ ಗಂಡ ಮಿಂಗೆಲ್ ಬೋಟಿನ ಇಂಜಿನ್ ರಿಪೇರಿಯವನು, ಪಾಸ್ಕುವಿನ ಹಾಗೆಯೇ ಬೆಳಿಗ್ಗೆ ಎದ್ದವನೇ ಕುಡಿಯುವವನು. ಒಂದು ವ್ಯತ್ಯಾಸ, ಇವನು ಹೊಡೆಯುವವನು. ಮೂರನೇ ದಿನ, ಶುಕ್ರವಾರ, ಮಧ್ಯಾಹ್ನ ಮೂರಕ್ಕೆ ರೆಜಿನ್ ಓಡಿ ಬಂದಳು. "ಬಾಯಿ, ನಿಮ್ಮ ತೀರ್ಥ ಸ್ವಲ್ಪ ಕೊಡಿ. ಗ್ಲಾಸು ಮಗುಚಿದ್ದೇನೆ, ಪಾಸ್ಕುಮಾಮನ ಹಾಗೆ ಇವನೂ ಗೆಲ್ಲಬೇಕು. ಗೋಡೆಯಲ್ಲಿ ಇಲ್ಲದ ಇರುವೆ ಹೆಕ್ತಾ ಇದ್ದಾನೆ."

ಕಾರ್ಮಿನ್‌ಬಾಯಿ ತೀರ್ಥದ ಬಾಟ್ಲಿ ಮುಟ್ಟಲಿಲ್ಲ. ದಾರಿಯಲ್ಲಿ ದೇವುವನ್ನು ಕೂಗಿ ರಿಕ್ಷಾಕ್ಕೆ ಓಡಿಸಿದಳು. ಮಿಂಗೆಲ್ ಮನೆಗೆ ಹೋಗಿ ಒಳಗೆ ಒಮ್ಮೆ ನೋಡಿದಳು. ನೋಡಿದ್ದೇ ತಿರುಗಿ ಹೈವೇ ಕಡೆ ನಡೆದಳು. ದಾರಿಗೆ ಅಡ್ಡವಾಗಿ ಶಿಲುಬೆ ಹಾದಿಯ ಪ್ರಾರ್ಥನೆಗೆ ಹೊರಟ ಜನ, ಕಪ್ಪು ಸೀರೆ, ಕೈಯಲ್ಲಿ ಜಪಸರ. ಅವರೆಲ್ಲರ ಕಣ್ಣೆದುರೇ ಅವಳು ವೈನ್ ಶಾಪಿನ ಮೆಟ್ಟಿಲು ಹತ್ತಿದಳು. ಏನೆಂದು ಕೇಳಬೇಕೋ ಗೊತ್ತಿರಲಿಲ್ಲ. "ಸಣ್ಣದೊಂದು ಕೊಡು, ಬೇಗ," ಎಂದಳು. ಅಂಗಡಿಯವನು ಒಂದು ನೈಂಟಿ ಪ್ಯಾಕೆಟ್ ಮುಂದೆ ತಳ್ಳಿದ. ಅದನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಲಿಲ್ಲ, ಕೈಯಲ್ಲೇ ಹಿಡಿದು ಬಂದಳು.

ರೆಜಿನ್ ಬಾಗಿಲಲ್ಲಿ ಅಡ್ಡ ನಿಂತಳು. "ಎಂತ ಮಾಡ್ತೀರಿ ಬಾಯಿ? ನೀವಾ ಇದನ್ನು ತರುವುದು?"

"ಸರಿ ಆಚೆ," ಎಂದಳು ಕಾರ್ಮಿನ್‌ಬಾಯಿ. ಪಟದ ಮುಂದೆ ಮಗುಚಿಟ್ಟ ಗ್ಲಾಸನ್ನು ತಾನೇ ಎತ್ತಿ ಮೇಲ್ಮುಖ ಮಾಡಿದಳು, ಬಾಗಿಲಲ್ಲಿ ನೆರೆದ ಇಡೀ ಕೇರಿಯ ಎದುರು. ದೇವು ರಿಕ್ಷಾ ತರುವವರೆಗೆ ಚಮಚೆಯಲ್ಲಿ ಸ್ವಲ್ಪ ಸ್ವಲ್ಪವೇ ಮಿಂಗೆಲ್‌ನ ಬಾಯಿಗೆ ಬಿಟ್ಟಳು. ತುಟಿಯಿಂದ ಜಾರಿದ್ದನ್ನು ಸುಟ್ಟ ಕಲೆಯ ಕಿರುಬೆರಳಿನಿಂದ ಒರೆಸಿದಳು. ಆಸ್ಪತ್ರೆಯಲ್ಲಿ ಅದೇ ಡಾಕ್ಟರು, ಇವಳನ್ನು ಗುರುತಿಸಿದಳು, ಒಂದೂ ಕೇಳದೆ ಮಿಂಗೆಲ್‌ನನ್ನು ಒಳಗೆ ಮಲಗಿಸಿಕೊಂಡಳು.

ಒಂಬತ್ತು ದಿನಕ್ಕೆ ಮಿಂಗೆಲ್ ಮನೆಗೆ ಬಂದ. ಗುಳಿಗೆ ಕೊಟ್ಟಿದ್ದರು, ಮತ್ತೆ ಬರಲು ಹೇಳಿದ್ದರು. ಅವನು ಹೋಗಲಿಲ್ಲ. ನಾಲ್ಕನೇ ದಿನಕ್ಕೆ, ಕರೆಜ್ಮ ಮುಗಿಯುವ ಮೊದಲೇ, ಕುಡಿದು ಬಂದು ರೆಜಿನ್‌ಳ ಹಲ್ಲು ಒಡೆದ. ರೆಜಿನ್ ಊದಿದ ಬಾಯಿಯಲ್ಲೇ ಕಾರ್ಮಿನ್‌ಬಾಯಿಯ ಬಾಗಿಲಿಗೆ ಬಂದು ಹೇಳಿದಳು, "ನಿಮ್ಮ ಗಂಡನನ್ನು ಸ್ವರ್ಗಕ್ಕೆ ಕಳಿಸಿದ್ರಿ. ನನ್ನವನನ್ನು ನನಗೇ ವಾಪಸ್ಸು ಕೊಟ್ರಿ." ಕಾರ್ಮಿನ್‌ಬಾಯಿ ತಣ್ಣೀರು ಬಟ್ಟೆ ತಂದು ಅವಳ ಬಾಯಿಗೆ ಒತ್ತಲು ಹೋದಳು. ರೆಜಿನ್ ಕೈ ತಳ್ಳಿ ಹೋದಳು. ಆ ವಾರ ಇಗರ್ಜಿಯ ಹೆಂಗಸರ ಸಂಘದವರು ಬಂದು ಪೀಠದ ಬಟ್ಟೆಗಳ ಕಪಾಟಿನ ಕೀಲಿಕೈ ಕೇಳಿ ಪಡೆದುಕೊಂಡು ಹೋದರು. ವ್ರತ ಮುರಿಸಿದ ಕೈಯಿಂದ ದೇವರ ಬಟ್ಟೆ ಬೇಡವಂತೆ. ಅವಳು ಕೊಟ್ಟಳು.

ಈಸ್ಟರ್‌ಗೆ ಎರಡು ದಿನ ಇರುವಾಗ ಮತ್ತೆ ಜಾಳಿಗೆಯ ಈಚೆ ಮಂಡಿ ಊರಿದಳು.

"ಫಾದರ್, ಕರೆಜ್ಮದ ಶುಕ್ರವಾರ ಒಬ್ಬನಿಗೆ ಸರಾಯಿ ಕುಡಿಸಿದೆ."

"ಗೊತ್ತು ಬಾಯಿ. ಅದಕ್ಕೆ ಪಶ್ಚಾತ್ತಾಪ ಪಡ್ತೀರಾ?"

"ಅದಕ್ಕಿಲ್ಲ. ಅದನ್ನೇ ಒಂದು ವರ್ಷ ತಡ ಮಾಡಿದೆ ನೋಡಿ, ಅದಕ್ಕೆ."

ಪಾದ್ರಿಗಳು ಕೈ ಎತ್ತಿ ಕ್ಷಮೆಯ ಮಾತು ಹೇಳಿದರು. ಯಾವುದಕ್ಕೆ ಎಂದು ಅವರು ಹೇಳಲಿಲ್ಲ, ಅವಳೂ ಕೇಳಲಿಲ್ಲ.